ಸೋಮನಿಂಗನ ಕೈಕಸಿ

ಯಾರ ಕೈ ತೆಗೆದು ಯಾರಿಗೆ ಹಾಕಬೇಕು ಎನ್ನುವ ವಾದ ಬೆಟಗೇರಿಯಲ್ಲಿ ಯುಗಾದಿಗೆ ಮೊದಲೇ ಶುರುವಾಗುತ್ತಿತ್ತು. ಹಾಕಿ ಲೀಗಿನ ಆಯ್ಕೆಯ ದಿನ ಬರುವುದು ಮೇ ತಿಂಗಳ ಕೊನೆಗೆ. ಅಲ್ಲಿಯವರೆಗೆ ಬಾಯಿ ಕಟ್ಟಿಕೊಂಡು ಕೂಡುವ ತಾಳ್ಮೆ ಖಾದರಸಾಬನ ಚಹಾದಂಗಡಿಯ ಬೆಂಚಿಗೆ ಇರಲಿಲ್ಲ.

"ಖಾನಾಪುರದ ಹುಡುಗ ಒಬ್ಬ ಅದಾನ ನೋಡ್ರಿ, ಪುಂಡಲೀಕ ಅಂತ," ಎಂದರು ಅಂದಾನಪ್ಪ ಮಾಸ್ತರರು. ಜೀವಮಾನವೆಲ್ಲ ಸಾಲೆಯಲ್ಲಿ ಪಿ.ಟಿ. ಹೇಳಿದವರು. ನಿವೃತ್ತರಾದ ಮೇಲೆ ಶಿಳ್ಳೆ ಬಿಟ್ಟಿದ್ದರು, ಶಿಳ್ಳೆಯ ದನಿ ಬಿಟ್ಟಿರಲಿಲ್ಲ. "ಮಣಿಕಟ್ಟು ಹಿಂಗ ಉದ್ದ. ಮೊಣಕಾಲು ಎಣ್ಣಿ ಹಾಕಿದ ತಿರಗಣಿ ಇದ್ದಂಗ. ಎಲ್ಲಾದಕ್ಕಿಂತ ದೊಡ್ಡದಂದ್ರ, ಹುಟ್ಟಿದಾಗಿಂದ ಸ್ಟಿಕ್ ಮುಟ್ಟಿಲ್ಲ. ತಲಿ ಪಕ್ಕಾ ಖಾಲಿ."

"ಖಾಲಿ ತಲಿ ಬೇಕಂದ್ರ ಖಾನಾಪುರಕ್ಕ ಯಾಕ ಹೋಗ್ತೀರಿ?" ಖಾದರಸಾಬ ಚಹಾ ಸೋಸುತ್ತ ಕೇಳಿದ. "ನನ್ನ ಅಳಿಯ ಇಲ್ಲೇ ಅದಾನ."

"ನಿನ್ನ ಅಳಿಯಗ ನಲವತ್ತು ದಾಟೇತಿ."

"ಹೌದು. ಆದ್ರೂ ಇನ್ನೂ ಏನೂ ತುಂಬಿಲ್ಲ."

ಬೆಂಚೆಲ್ಲ ನಕ್ಕಿತು. ಮೈಲಾರಪ್ಪ ನಗಲಿಲ್ಲ. ಬ್ಯಾಟರಿ ಗಾಡಿ ರಿಪೇರಿ ಮಾಡುವ ಮನುಷ್ಯ. ಗಾಡಿಯ ಸಪ್ಪಳ ಕೇಳಿಯೇ ಎಲ್ಲಿ ಸಡಿಲಾಗಿದೆ ಎಂದು ಹೇಳುವಂತೆ, ಆಟಗಾರ ನಡೆದು ಬರುವುದನ್ನು ನೋಡಿಯೇ ಅವನು ಎಷ್ಟು ದಿನದ ಗಿರಾಕಿ ಎಂದು ಹೇಳುತ್ತಿದ್ದ. ತಂಡ ಊರ ಅಭಿಮಾನಿಗಳ ಮಂಡಳಿಯದು. ಮಂಡಳಿಯಲ್ಲಿ ಕೈ ಎತ್ತುವ ಹಕ್ಕು ಎಲ್ಲರಿಗೂ ಇತ್ತು, ಆದರೆ ಮೈಲಾರಪ್ಪನ ಕೈ ಎದ್ದ ಮೇಲೆಯೇ ಉಳಿದವರ ಕೈ ಏಳುತ್ತಿದ್ದವು.

"ಸಸಿ ಚಲೋ ಐತಿ, ಒಪ್ಪಿದೆ," ಎಂದ. "ತಾಯಿಗಿಡ ಎಲ್ಲೈತಿ?"

ಎಲ್ಲರ ಕಣ್ಣೂ ನಿಧಾನವಾಗಿ ಬೆಂಚಿನ ತುದಿಗೆ ಹೋದವು. ಅಲ್ಲಿ ಮೈಲಾರಪ್ಪನ ತಮ್ಮ ಸೋಮನಿಂಗ, ಮಡಚಲು ಬಾರದ ಬಲಗಾಲನ್ನು ಚಾಚಿಕೊಂಡು, ಚಹಾದಲ್ಲಿ ಟೋಸ್ಟು ಅದ್ದಿ ತಿನ್ನುತ್ತಿದ್ದ.

ಕೈಕಸಿ ಬಂದು ಆಗ ಆರೇಳು ವರ್ಷವಾಗಿತ್ತು. ಕೈಯ ಕಸುಬು ಕೈಯಲ್ಲಿ ಇರುವುದಿಲ್ಲ, ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ ಇರುತ್ತದೆ ಎನ್ನುವುದು ಹಳೆಯ ಮಾತು. ಅದನ್ನು ಒಂದು ತಲೆಯಿಂದ ಎತ್ತಿ ಇನ್ನೊಂದು ತಲೆಯಲ್ಲಿ ಊರಬಹುದು ಎನ್ನುವುದು ಹೊಸ ಮಾತು. ಒಂದೇ ಕೊರತೆ: ಎತ್ತಿದ ಮೇಲೆ ಮೊದಲಿನ ತಲೆಯಲ್ಲಿ ಅದು ಉಳಿಯುವುದಿಲ್ಲ. ಮೂರ್ತಿ ಎರಕ ಹೊಯ್ಯುವವರು ಮೊದಲು ಮೇಣದ ಬಸವಣ್ಣನನ್ನು ಮಾಡಿ, ಸುತ್ತ ಮಣ್ಣು ಮೆತ್ತಿ, ಬೆಂಕಿಗೆ ಇಡುತ್ತಾರೆ. ಮೇಣ ಕರಗಿ ಹೋದ ಖಾಲಿಯಲ್ಲಿ ಹಿತ್ತಾಳೆಯ ಬಸವಣ್ಣ ಕೂಡುತ್ತಾನೆ. ಇದೂ ಹಾಗೆ. ಕೊಡುವವನಿಗೆ ತಾಯಿಗಿಡ ಎನ್ನುತ್ತಿದ್ದರು, ಪಡೆಯುವವನಿಗೆ ಸಸಿ. ಸಸಿಗೆ ಹದಿನೆಂಟು ತುಂಬಿರಬಾರದು, ತಲೆಯಲ್ಲಿ ಹಳೆಯ ಅಭ್ಯಾಸದ ಬೇರು ಇರಬಾರದು. ಹಾಗಾಗಿ ಬುದ್ಧಿವಂತ ತಾಯಿ ತಂದೆ ಮಕ್ಕಳಿಗೆ ಸ್ಟಿಕ್ ಮುಟ್ಟಗೊಡುತ್ತಿರಲಿಲ್ಲ. ಹಾಕಿಗೆ ಹೆಸರಾದ ಬೆಟಗೇರಿಯ ಮೈದಾನದಲ್ಲಿ ಸಂಜೆ ಎಮ್ಮೆಗಳು ಮೇಯುತ್ತಿದ್ದವು. ಅದು ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ.

ಸೋಮನಿಂಗನ ಪೆನಾಲ್ಟಿ ಕಾರ್ನರ್ ಆ ಸೀಮೆಗೇ ಗೊತ್ತಿತ್ತು. ಚೆಂಡನ್ನು ಸ್ಟಿಕ್ಕಿನ ಕೊಕ್ಕೆಯಲ್ಲಿ ಎಳೆದು, ಸೊಂಟ ತಿರುವಿ ಬೀಸಿದರೆ ಗೋಲು ಕಾಯುವ ಗೋಲಿಗೆ ಕಾಣುತ್ತಿದ್ದದ್ದು ಹಿಂದಿನ ಬಲೆ ಅಲುಗಾಡುವುದೊಂದೇ. ಪ್ರತಿ ಕಾರ್ನರಿಗೆ ಮೊದಲು ಅವನು ಬಗ್ಗಿ ನೆಲ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ತುಟಿ ಒಮ್ಮೆ ಅಲುಗಾಡುತ್ತಿತ್ತು. ಯಾವ ದೇವರ ಹೆಸರು ಎಂದು ಊರಲ್ಲಿ ಎರಡು ಪಕ್ಷ. ವೀರಭದ್ರ ಎನ್ನುತ್ತಿದ್ದರು ಮಾಸ್ತರರು. ನಮ್ಮ ದರ್ಗಾದ ಅಜ್ಜಾರದು ಎನ್ನುತ್ತಿದ್ದ ಖಾದರಸಾಬ. ಅವನನ್ನೇ ಕೇಳಿದರೆ, "ಹೇಳಿದ್ರ ಫಲ ಹೋಗತೈತಿರಿ," ಎಂದು ನಗುತ್ತಿದ್ದ.

"ಮೊಣಕಾಲು ಹೋಗಿ ಎರಡು ವರ್ಷ ಆತು, ಸೋಮ್ಯಾ," ಎಂದ ಮೈಲಾರಪ್ಪ. "ಆ ಕೈ ಸುಮ್ಮನ ಕುಂತೈತಿ. ಈ ವರ್ಷ ಕಡೀ ಸ್ಥಾನಕ್ಕ ಬಂದ್ರ ಲೀಗಿನಿಂದ ತಂಡ ಹೊರಗ. ಇಲ್ಲಿ ಕೊಳೀತಾ ಕುಂದ್ರೂದಕ್ಕಿಂತ ಅದು ಇನ್ನೂ ಹದಿನೈದು ವರ್ಷ ಆಡಲಿ."

ಸೋಮನಿಂಗ ಟೋಸ್ಟು ನುಂಗಿ, "ಮನ್ಯಾಗ ಕೇಳಿ ಹೇಳ್ತೀನಣ್ಣಾ," ಎಂದ.

ಮನೆಯಲ್ಲಿ ಕೇಳುವವರೆಗೆ ಊರು ಕಾಯಲಿಲ್ಲ. ಮರುದಿನವೇ ಓಣಿಯ ಹೆಂಗಸರು ಅವನ ಹೆಂಡತಿ ನೀಲವ್ವನಿಗೆ ಉಡಿ ತುಂಬಿದರು. ಹುಡುಗರು ಗೋಡೆಗೆ ಸೋಮನಿಂಗನ ಚಿತ್ರ ಬರೆದರು. ಕಿರಾಣಿಯವನು ಸಾಮಾನಿನ ಜೊತೆ ಬೆಲ್ಲದ ಹೆಂಟೆ ಹೆಚ್ಚಿಗೆ ಇಟ್ಟು ಕೈ ಮುಗಿದ. ಬೇಡ ಎನ್ನಲು ದಾರಿ ಇತ್ತು. ಬೇಡ ಎಂದು ಆ ಓಣಿಯಲ್ಲಿ ಬದುಕಲು ದಾರಿ ಇರಲಿಲ್ಲ. ಪ್ರೀತಿಯಿಂದ ಕಟ್ಟಿದ ಹಗ್ಗವೂ ಹಗ್ಗವೇ.

ನೀಲವ್ವ ಭಾವ ಮೈಲಾರಪ್ಪನನ್ನು ಪಡಸಾಲೆಯಲ್ಲಿ ಕೂರಿಸಿ ಕೇಳಿದಳು. "ಭಾವಾರ, ಬರೇ ಕೈ ಅಷ್ಟ ಹೋಗತೈತೇನು?"

"ಸ್ಟಿಕ್ ಹಿಡಿಯೋ ಕೈ ಅಷ್ಟ. ಉಣ್ಣೂ ಕೈ, ಮಗ್ಗದ ಕೈ ಎಲ್ಲಾ ಇದ್ದಂಗ ಇರತೈತಿ. ನಾ ಜೋಡಿ ಹೋಗ್ತೀನಲ್ಲ."

ಬಾಗಿಲಲ್ಲಿ ನಿಂತಿದ್ದ ಹನ್ನೊಂದು ವರ್ಷದ ಕಸ್ತೂರಿ, "ದೊಡ್ಡಪ್ಪಾ, ಅಪ್ಪಾ ಆಮೇಲೆ ನನಗ ಹೊಡಿಯೂದು ಕಲಸಾಕ ಬರೂದಿಲ್ಲಲ್ಲ?" ಎಂದಳು.

"ನೀ ಕಲಿಯೂದ ಬ್ಯಾಡ. ತಲಿ ಖಾಲಿ ಇಟ್ಕೊ, ನಿನಗೂ ಬೆಲೆ ಬರತೈತಿ," ಎಂದ ಮೈಲಾರಪ್ಪ. ಸೋಮನಿಂಗ ಮಗಳ ಜಡೆ ಜಗ್ಗಿ, "ನಡೀಲೇ ಕಸ್ತೂ, ದೊಡ್ಡವರ ಮಾತಿನ್ಯಾಗ ಬರಬ್ಯಾಡ," ಎಂದು ಒಳಗೆ ಕಳಿಸಿದ. ಅವನು ಓಣಿಯ ಸಣ್ಣ ಕೂಸಿಗೂ 'ರೀ' ಹಚ್ಚಿ ಮಾತಾಡುವ ಮನುಷ್ಯ. 'ಲೇ' ಎನ್ನುತ್ತಿದ್ದದ್ದು ಮಗಳೊಬ್ಬಳಿಗೆ.

ಕಸಿ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. ಗಾಜಿನ ಗೋಡೆಯ ಆಚೆ ಒಂದು ತುಂಡು ಹಸಿರು ಟರ್ಫ್, ಒಂದು ಗೋಲು, ತಲೆಗೆ ಜಾಲರಿಯ ಟೋಪಿ ಹಾಕಿಕೊಂಡ ಸೋಮನಿಂಗ. ಈಚೆ ಪರದೆಗಳ ಮುಂದೆ ಡಾಕ್ಟರ್ ಸುಮೇಧಾ, ಪಕ್ಕದಲ್ಲಿ ಮಂಡಳಿಯ ಪರವಾಗಿ ಮೈಲಾರಪ್ಪ. ಕುಂಟುತ್ತಲೇ ಆದರೂ ಸೋಮನಿಂಗ ಮತ್ತೆ ಮತ್ತೆ ಅದೇ ಹೊಡೆತ ಹೊಡೆಯಬೇಕು. ಹೊಡೆತದ ಜೊತೆಗೆ ಮೆದುಳಿನಲ್ಲಿ ಏನೇನು ಹೊತ್ತಿಕೊಳ್ಳುತ್ತದೋ ಅದನ್ನು ಯಂತ್ರ ಗುರುತು ಮಾಡಿ, ಕೊನೆಗೆ ಒಮ್ಮೆಲೇ ಎತ್ತುತ್ತದೆ.

ಪರದೆಯ ಮೇಲೆ ತಲೆಯ ಹಿಂಭಾಗ ಕೆಂಡದಂತೆ ಬೆಳಗಿತು. ಅದಕ್ಕೆ ಸ್ವಲ್ಪ ಮೊದಲು, ಕಿವಿಯ ಹತ್ತಿರ, ಇನ್ನೊಂದು ಕಡೆ ಬೆಳಗಿತು.

"ಇದು ಆಟದ್ದಲ್ಲ," ಎಂದರು ಡಾಕ್ಟರು. "ಅವರು ನೆಲ ಮುಟ್ಟಿದಾಗ ಹೊತ್ತಿಕೊಳ್ಳುತ್ತಿದೆ. ಯಾವುದೋ ನೆನಪು, ತುಂಬಾ ಆಳದ್ದು. ನೆಲ ಮುಟ್ಟದೆ ಬರೀ ಹೊಡೆಯೋದಕ್ಕೆ ಹೇಳೋಣ. ಅನಾವಶ್ಯಕ ಏನೂ ಎತ್ತೋದು ಬೇಡ."

ಮೈಲಾರಪ್ಪ ಎದ್ದು ನಿಂತ. "ಬ್ಯಾಡ್ರಿ, ಅದೊಂದು ಕೆಲಸ ಮಾಡಬ್ಯಾಡ್ರಿ. ನೆಲ ಮುಟ್ಟೂದು ಬಿಟ್ಟು ಅಂವ ಹೊಡದಿದ್ದನ್ನ ನಾ ಕಂಡಿಲ್ಲ. ಅದು ಬಿಟ್ಟರ ಬಾಲ್ ಹೋಗೂದಿಲ್ಲ. ಊರಾಗಿನ ಸಣ್ಣ ಹುಡುಗನ್ನ ಕೇಳ್ರಿ, ಹೇಳ್ತಾನ."

"ಅದು ಬರೀ ನಂಬಿಕೆ."

"ಇರಲಿರಿ. ನಂಬಿಕಿ ಮ್ಯಾಲೇ ಗೋಲ್ ಆಗ್ಯಾವು."

ಡಾಕ್ಟರು ಅವನ ಕಡೆ ತಿರುಗಿದರು. "ಏನು ನೆನೀತಾರೆ ಅಂತ ಗೊತ್ತಿದೆಯಾ? ಯಾರಾದರೂ ವ್ಯಕ್ತಿ ಆದರೆ ಕಷ್ಟ. ಈಗ ಆ ನೆನಪು ಕೆದಕಿ ಅವರನ್ನು ಕೇಳಿದರೆ ಬೆಳಗಿನಿಂದ ಮಾಡಿದ್ದೆಲ್ಲ ಕದಡಿ ಹೋಗುತ್ತದೆ. ನಿಲ್ಲಿಸಿ ಕೇಳಲೋ, ಮುಂದುವರಿಯಲೋ?"

ನಿಲ್ಲಿಸಿದರೆ ಮತ್ತೆ ಸರದಿ ಸಿಗುವುದು ಆಯ್ಕೆಯ ದಿನ ಕಳೆದ ಮೇಲೆ. ಮೈಲಾರಪ್ಪ ಹೆಚ್ಚು ಯೋಚಿಸಲಿಲ್ಲ.

"ವ್ಯಕ್ತಿ ಅಲ್ಲರಿ, ದೇವರ ಹೆಸರು. ಒಂದು ದೇವರು ಹೋದ್ರ ನಮ್ಮ ಊರಾಗ ಇನ್ನೊಂದಕ್ಕೇನು ಬರ ಇಲ್ಲ. ಮುಂದುವರಸ್ರಿ."

"ಖಂಡಿತವಾಗಿಯೂ ದೇವರೇ?"

"ನನ್ನ ತಮ್ಮರಿ ಅಂವ. ನನಗ ಗೊತ್ತಿಲ್ಲೇನು?"

ಸೋಮನಿಂಗ ಮನೆಗೆ ಬಂದ ದಿನ ಓಣಿಯವರು ಹಾರ ಹಿಡಿದು ನಿಂತಿದ್ದರು. ಅವನು ಎಲ್ಲರ ಹೆಸರು ಹಿಡಿದು ಮಾತಾಡಿಸಿದ. ಅಂಗಿಯ ಗುಂಡಿ ಹಾಕಿಕೊಂಡ, ರೊಟ್ಟಿ ಮುರಿದು ಉಂಡ, ಮಗ್ಗದಲ್ಲಿ ಹರಿದ ಎಳೆ ಜೋಡಿಸಿ ತೋರಿಸಿದ. ಸ್ಟಿಕ್ ಕೈಗೆ ಕೊಟ್ಟಾಗ ಮಾತ್ರ ಅದನ್ನು ಕಸಬರಿಗೆಯಂತೆ ಹಿಡಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಮೈಲಾರಪ್ಪ ನೀಲವ್ವನ ಕಡೆ ನೋಡಿ, ಹೇಳಿರಲಿಲ್ಲವೇ ಎನ್ನುವಂತೆ ಹುಬ್ಬು ಏರಿಸಿದ.

ಆಗ ಕಸ್ತೂರಿ ಚಹಾ ತಂದಳು.

"ಇಲ್ಲೇ ಇಡ್ರಿ, ಅಕ್ಕಾರ," ಎಂದ ಸೋಮನಿಂಗ. ಆಮೇಲೆ ಹೆಂಡತಿಯ ಕಡೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದ, "ನೀಲಾ, ಯಾರ ಮನೀ ಹುಡುಗಿ?"

ಚೇಷ್ಟೆ ಎಂದುಕೊಂಡು ಕಸ್ತೂರಿ ಕಿಸಕ್ಕನೆ ನಕ್ಕಳು. ಅವನೂ ಸೌಜನ್ಯಕ್ಕೆ ನಕ್ಕ. ಆ ನಗೆ ನೋಡಿದ ಕೂಡಲೇ ಅವಳದು ನಿಂತಿತು.

ಅವನಿಗೆ ತೊಟ್ಟಿಲು ಹಾಕಿದ ದಿನ ನೆನಪಿತ್ತು, ಯಾರು ಬಂದಿದ್ದರು, ಹುಗ್ಗಿಗೆ ಬೆಲ್ಲ ಕಡಿಮೆಯಾಗಿದ್ದು ನೆನಪಿತ್ತು. ತೊಟ್ಟಿಲಲ್ಲಿ ಯಾರಿದ್ದರು ಎಂದರೆ ಬರಿದು. ಇವಳು ನಿನ್ನ ಮಗಳು ಎಂದು ಹೇಳಿದರೆ ತಲೆಯಾಡಿಸುತ್ತಿದ್ದ. ಮಾತು ಬೇರೆ ಕಡೆ ತಿರುಗಿದರೆ ಸಾಕು, ಅದು ತಾವರೆ ಎಲೆಯ ಮೇಲಿನ ನೀರು, ಜಾರಿ ಹೋಗಿರುತ್ತಿತ್ತು. ಯಾರೋ ಹಾಗೆ ಹೇಳಿದ್ದರು ಎನ್ನುವುದಷ್ಟೇ ಉಳಿಯುತ್ತಿತ್ತು. ಊರೆಲ್ಲ ದೇವರೆಂದು ಜಗಳಾಡಿದ ಆ ತುಟಿಯ ಚಲನೆ ಶುರುವಾದದ್ದು ಯಾವ ವರ್ಷ ಎಂದು ಆಟದ ಅಂಕಿ ಸಂಖ್ಯೆಯನ್ನೆಲ್ಲ ಬಾಯಲ್ಲಿ ಇಟ್ಟುಕೊಂಡವರು ಯಾರೂ ಯೋಚಿಸಿರಲಿಲ್ಲ. ಅದು ಕಸ್ತೂರಿ ಹುಟ್ಟಿದ ವರ್ಷ.

ಮೈಲಾರಪ್ಪ ಹುಬ್ಬಳ್ಳಿಗೆ ಓಡಿದ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಬೆಳೆದ ತಲೆಯಲ್ಲಿ ಮತ್ತೆ ಊರೋದಕ್ಕೆ ಬರೋದಿಲ್ಲ," ಎಂದರು. "ಅದು ಈಗ ಆ ಹುಡುಗನ ತಲೆಯಲ್ಲಿದೆ. ಬೇರೆ ಎಲ್ಲೂ ಇಲ್ಲ."

ಪುಂಡಲೀಕನ ಮೊದಲ ಪಂದ್ಯಕ್ಕೆ ಊರಿಗೆ ಊರೇ ಬಂದಿತ್ತು. ಕಾರ್ನರ್ ಸಿಕ್ಕಾಗ ಅವನು ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ತುಟಿ ಅಲುಗಾಡಿತು. ಹತ್ತಿರ ನಿಂತಿದ್ದ ಆಟಗಾರರಿಗೆ ಕೇಳಿಸಿತು: ಕಸ್ತೂ. ಆಮೇಲೆ ಅವನು ತಲೆ ಎತ್ತಿ ಪ್ರೇಕ್ಷಕರ ಕಡೆ ಹುಡುಕಿದ. ನೀಲವ್ವನ ಪಕ್ಕ ಕೂತ ಹುಡುಗಿಯನ್ನು ಕಂಡ. ಹದಿನೇಳರ ಆ ಮುಖದ ಮೇಲೆ ಬಂದ ಕಳೆ ನೀಲವ್ವನಿಗೆ ಹನ್ನೊಂದು ವರ್ಷದಿಂದ ಪರಿಚಯದ್ದು. ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಚೆಂಡು ಬಲೆಯಲ್ಲಿತ್ತು. ಸೋಮನಿಂಗ ಚಪ್ಪಾಳೆ ತಟ್ಟುತ್ತ, "ಏನು ಹೊಡದನೋ ಹುಡುಗ," ಎಂದ.

ಆ ವರ್ಷ ತಂಡ ಲೀಗಿನಲ್ಲಿ ಮೂರನೆಯ ಸ್ಥಾನಕ್ಕೆ ಏರಿತು.

ಪುಂಡಲೀಕ ಸೋಮನಿಂಗನ ಮನೆಗೆ ಬರತೊಡಗಿದ. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಕಸ್ತೂರಿಯ ಸೈಕಲ್ಲಿನ ಬ್ರೇಕು ಬಿಗಿ ಮಾಡುತ್ತಿದ್ದ. ಲೆಕ್ಕ ತಪ್ಪಿದರೆ ಗದರುತ್ತಿದ್ದ. "ಚಪ್ಲಿ ಇಲ್ಲದ ಎಲ್ಲಿ ಹೊಂಟೀಲೇ?" ಎನ್ನುತ್ತಿದ್ದ. ತನಗೇ ಇನ್ನೂ ಸರಿಯಾಗಿ ಮೀಸೆ ಬಾರದ ಹುಡುಗ. ಒಮ್ಮೆ ಅವಳಿಗೆ ಜ್ವರ ಬಂದಾಗ ಮೈಲಾರಪ್ಪನ ಅಂಗಡಿಗೆ ಬಂದು, ಟೈರುಗಳ ನಡುವೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಕಾಕಾ, ಆಕಿ ಮೊದಲ ಹೆಜ್ಜಿ ಇಟ್ಟಿದ್ದು ನನಗ ಗೊತ್ತೈತಿ. ನನಗಾಗ ಏಳು ವರ್ಷ, ನಾ ಖಾನಾಪುರದಾಗ ಇದ್ದೆ. ಆದ್ರೂ ಕಂಡಂಗ ಐತಿ. ಆಕಿ ಕೆಮ್ಮಿದ್ರ ನನಗ ಅನ್ನ ಇಳಿಯೂದಿಲ್ಲ. ನನ್ನ ಗೆಳ್ಯಾರು ಸಿನಿಮಾಕ್ಕ ಕರೀತಾರ, ನಾ ಆಕಿ ಸಾಲಿ ಬಿಡೂ ಹೊತ್ತು ನೋಡ್ಕೋತ ನಿಂತಿರ್ತೀನಿ. ನನಗೇನಾಗೇತಿ?"

ಮೈಲಾರಪ್ಪ ನಟ್ಟು ಬಿಚ್ಚುವ ಪಾನಾ ಒರೆಸುತ್ತ, "ಏನೂ ಆಗಿಲ್ಲಪಾ. ನೀ ಅಪ್ಪ ಆಗೀದಿ, ಅಷ್ಟ," ಎಂದ.

ಸೋಮನಿಂಗ ಒಳಗೆ ಮಗ್ಗದ ಮುಂದೆ ಕೂತು 'ನೀರು ಕುಡೀರಿ, ಅಕ್ಕಾರ' ಎನ್ನುವಾಗ, ಕಸ್ತೂರಿ ಹೊರಗೆ ಬಂದು ಕಟ್ಟೆಯ ಮೇಲೆ ಪುಂಡಲೀಕನಿಂದ ಬೈಸಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಹೀಗೂ ಬದುಕಬಹುದು ಎಂದು ಆ ಮನೆ ಕಲಿಯಿತು. ಮನುಷ್ಯರು ಯಾವುದಕ್ಕೆ ತಾನೇ ಹೊಂದಿಕೊಳ್ಳುವುದಿಲ್ಲ?

ಎರಡನೆಯ ವರ್ಷದ ನಡುವೆ ಗೋಲುಗಳು ನಿಂತವು.

ಮುಂದಿನ ಸಾಲಿನ ತಂಡ ಕಟ್ಟಲು ಮಂಡಳಿ ಮೈದಾನದ ಮೆಟ್ಟಿಲ ಮೇಲೆ ಸೇರಿತು. ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು, ಯಾವ ಖಾಲಿ ತಲೆ ತರುವುದು ಎಂದು ಕೂಗಾಡಿದ ಮೇಲೆ ಅಂದಾನಪ್ಪ ಮಾಸ್ತರರು ಬಿಳಿ ಗೋಡೆಯ ಮೇಲೆ ಪಂದ್ಯಗಳ ವಿಡಿಯೊ ಬಿಟ್ಟರು.

"ನೋಡ್ರಿ. ನೆಲ ಮುಟ್ಟಿದ. ತುಟಿ ಅಲುಗಿತು. ಕಣ್ಣು ಎಲ್ಲಿ ಹೋತು? ಆ ಹುಡುಗಿ ಕುಂತ ಕಡೆ. ಕಣ್ಣು ಎಡಕ್ಕ ಹೋದ್ರ ಬಾಲ್ ಬಲಕ್ಕ ಬರತೈತಿ, ಬಲಕ್ಕ ಹೋದ್ರ ಎಡಕ್ಕ. ಎಲ್ಲಾ ಗೋಲಿಗಳೂ ಕಲತು ಬಿಟ್ಟಾರ. ಹುಬ್ಬಳ್ಳಿ ಡಾಕ್ಟರಗ ಕೇಳಿದೆ. ಕಳೆ ಕಿತ್ತಂಗ ಅದನ್ನಷ್ಟ ಕಿತ್ತು ಒಗೀಬಹುದಂತ. ಹೊಡೆತಕ್ಕ ಏನೂ ಆಗೂದಿಲ್ಲ."

"ಅದು ಕಳೆ ಅಲ್ಲ, ಮಾಸ್ತರ," ಎಂದ ಮೈಲಾರಪ್ಪ. "ನಮ್ಮ ಕೂಸಿಗೆ ಅಪ್ಪ ಅಂತ ಉಳಿದಿದ್ದು ಅದೊಂದ."

ಯಾರೂ ಸಿಟ್ಟಿಗೇಳಲಿಲ್ಲ. ಖಾದರಸಾಬ ಅವನ ಬೆನ್ನ ಮೇಲೆ ಕೈ ಇಟ್ಟ. "ನಮಗೂ ಹೊಟ್ಟ್ಯಾಗ ಸಂಕಟ ಐತಿ, ಮೈಲಾರಿ. ಆದ್ರ ಅವತ್ತು ಹುಬ್ಬಳ್ಳ್ಯಾಗ ನೆಲ ಮುಟ್ಟೂದು ಬೇಕಂದಾಂವ ನೀನ. ಈ ವರ್ಷ ಊರಿಗೆ ಬ್ಯಾಡಾಗೇತಿ. ತಂಡ ಯಾರೊಬ್ಬರ ಮನೀದಲ್ಲ." ಅದು ಮೈಲಾರಪ್ಪ ತಾನೇ ಬೇರೆಯವರಿಗೆ ಎಷ್ಟೋ ಸಲ ಹೇಳಿದ ಮಾತು.

ಮೆಟ್ಟಿಲ ಬುಡದಲ್ಲಿ ಕಸ್ತೂರಿಯ ಪಕ್ಕ ನಿಂತಿದ್ದ ಪುಂಡಲೀಕನನ್ನು ಕೇಳಿದರು. ಅವನು ತಲೆ ಕೆಳಗೆ ಹಾಕಿದ. "ತೆಗದ್ರ ನನಗ ಹಗುರ ಆಗತೈತಿ, ಸುಳ್ಳು ಯಾಕ ಹೇಳಲಿ. ಆದ್ರ ತೆಗೀರಿ ಅನ್ನಾಕ ಬಾಯಿ ಬರವಲ್ದು."

ಮಂಡಳಿಯಲ್ಲಿ ಒಂದು ನಡಾವಳಿ ಇತ್ತು. ಕಸಿಯ ವಿಷಯದಲ್ಲಿ ಕೊನೆಯ ಮಾತು ತಾಯಿಗಿಡದ್ದು. ಕೊಟ್ಟವನಿಗೆ ಅಷ್ಟಾದರೂ ಮರ್ಯಾದೆ ಇರಲಿ ಎಂದು ಹಿಂದೆ ಮೈಲಾರಪ್ಪನೇ ಮಾಡಿಸಿದ್ದು. ಎಲ್ಲರೂ ಸೋಮನಿಂಗನ ಕಡೆ ತಿರುಗಿದರು.

ಸೋಮನಿಂಗ ಕಾಲು ಎಳೆಯುತ್ತ ಗೋಡೆಯ ಹತ್ತಿರ ಹೋಗಿ, ಚಿತ್ರವನ್ನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದ. ಕೈ ಹೋಗಿದ್ದರೂ ಆಟದ ಕಣ್ಣು ಹೋಗಿರಲಿಲ್ಲ.

"ನೆಲ ಮುಟ್ಟೂದು ಇರಲಿರಿ. ಅದರಿಂದ ಸೊಂಟ ಕೆಳಗ ಇಳೀತೈತಿ, ಬಿರುಸು ಬರತೈತಿ. ಅದರ ಬೆನ್ನ ಹಿಂದ ಆ ಹೆಸರು, ಆ ನೋಟ, ಅದು ಹೊರಿ. ಕಣ್ಣು ಬಾಲ್ ಬಿಟ್ಟು ಬ್ಯಾರೆ ಕಡೆ ಹೋಗತೈತಿ. ಆಡೂವಾಗ ನಾನೂ ಹಂಗ ಮಾಡತಿದ್ದೆ ಅಂತೀರಿ. ಮಾಡಿದ್ದರ ತಪ್ಪು ಮಾಡಿದ್ದೆ."

"ಸೋಮ್ಯಾ," ಎಂದ ಮೈಲಾರಪ್ಪ, "ಆ ಹೆಸರು ಯಾರದು? ಇಲ್ಲಿ ನೋಡು. ಈಕಿದು. ನಿನ್ನ ಮಗಳದು."

ಸೋಮನಿಂಗ ಹುಡುಗಿಯನ್ನು ನೋಡಿದ. ಮರೆತ ಪದ್ಯ ಹುಡುಕುವ ಸಾಲೆಯ ಹುಡುಗನಂತೆ ಒಂದು ಗಳಿಗೆ ಕಣ್ಣು ಮುಚ್ಚಿದ. "ಹೌದಣ್ಣಾ, ಹೇಳೀರಿ. ನೀಲಾನೂ ಹೇಳತಿರ್ತಾಳ," ಎಂದ, ಒಪ್ಪಿಕೊಳ್ಳುವವನ ದನಿಯಲ್ಲಿ. ಆಮೇಲೆ ಹುಡುಗಿಯ ಹತ್ತಿರ ಬಂದು, ಕೆಟ್ಟ ಮೊಣಕಾಲಿನಿಂದ ಎಷ್ಟಾಗುತ್ತದೋ ಅಷ್ಟು ಬಗ್ಗಿದ.

"ಅಕ್ಕಾರ, ನೀವು ಎಲ್ಲಾ ಪಂದ್ಯ ನೋಡೀರಿ. ಒಂದು ಕೇಳ್ತೀನಿ, ಖರೇ ಹೇಳ್ರಿ. ಆ ಗೋಲಿ ಯಾವಾಗ ಜಿಗೀತಾನ?"

ಒಂದು ವರ್ಷದ ಮೇಲಾಗಿತ್ತು ಅವನು ಅವಳನ್ನು ನೆಟ್ಟ ನೋಟದಿಂದ ನೋಡದೆ, ಏನನ್ನೂ ಕೇಳದೆ. ಕಸ್ತೂರಿಯ ಮುಖ ಅರಳಿತು. ತಪ್ಪು ಉತ್ತರ ಕೊಡಬಾರದೆಂದು ಅವಳು ಗೋಡೆಯ ಮೇಲಿನ ಚಿತ್ರವನ್ನು ಇನ್ನೊಮ್ಮೆ ನೋಡಿದಳು.

"ಇಂವ ನನ್ನ ನೋಡಿದ ಕೂಡಲೇ."

"ಭೇಷ್. ನೋಡೂದು ಬಿಟ್ಟರ?"

"ಗೋಲಿಗೆ ತಿಳಿಯೂದಿಲ್ಲ."

"ಹಂಗಾರ ತೆಗೀಬೇಕೋ, ಬ್ಯಾಡೋ? ನೀವ ಹೇಳ್ರಿ."

ಅವಳು ಪುಂಡಲೀಕನ ಕಡೆ ನೋಡಲಿಲ್ಲ, ದೊಡ್ಡಪ್ಪನ ಕಡೆಯೂ ನೋಡಲಿಲ್ಲ. ಮುಂದೆ ಬಾಗಿ ಉತ್ತರಕ್ಕೆ ಕಾಯುತ್ತಿದ್ದ ಅಪ್ಪನ ಮುಖವನ್ನೇ ನೋಡಿ, "ತೆಗೀಬೇಕು," ಎಂದಳು.

ಮೆಟ್ಟಿಲ ಮೇಲೆ ಕೈಗಳು ಎದ್ದವು. ಈ ಸಲ ಯಾರೂ ಮೈಲಾರಪ್ಪನ ಕೈಗಾಗಿ ಕಾಯಲಿಲ್ಲ. ಪುಂಡಲೀಕ ಮೈದಾನದ ಕಡೆ ಮುಖ ತಿರುಗಿಸಿ ನಿಂತ. ಸೋಮನಿಂಗ ಸಂತೋಷದಿಂದ ಹುಡುಗಿಯ ತಲೆಯ ಮೇಲೆ ಕೈ ಇಟ್ಟು, ಅಣ್ಣನಿಗೆ ಹೇಳಿದ.

"ಶಾಣ್ಯಾ ಐತಿ ಹುಡುಗಿ. ಯಾರ ಮಗಳೋ, ಆಟ ಚಲೋ ತಿಳೀತೈತಿ."

ಕಸ್ತೂರಿ ತಲೆ ಅಲುಗಾಡಿಸದೆ ನಿಂತಿದ್ದಳು. ಅಷ್ಟರಲ್ಲಿ ಖಾದರಸಾಬ ಚಹಾ ತಂದ. ಕಪ್ಪು ಹಿಡಿದುಕೊಳ್ಳಲು ಸೋಮನಿಂಗ ಆ ಕೈ ತೆಗೆದ.